ಬೀಳಗಿ ಅಮೀರಬಾಯಿ, ಮತ್ತ ಆ ಒಂಬತ್ತು ವರ್ಷ

ಹೋದ ವಾರ ನಮ್ಮಕ್ಕನ ಮಗಳು ಬೆಂಗಳೂರಿಂದ ಬಾಗಲಕೋಟಿಗೆ ಬಂದಿದ್ಲು. ಚಲೋ ಹಾಡ್ತಾಳ, ಒಂದು ಸಿನಿಮಾದಾಗ ಸಣ್ಣ ಪಾರ್ಟ್ ಸಿಕ್ಕಿತ್ತು, ಹನ್ನೊಂದು ದಿನ ಶೂಟಿಂಗಿಗೆ ಹೋಗಿದ್ಲು, ಒಂದು ಹಾಡೂ ನಿನ್ನ ದನಿಯೊಳಗ ಇರ್ತೈತಿ ಅಂತ ರೆಕಾರ್ಡ್ ಮಾಡಿಸಿಕೊಂಡಿದ್ರು. ಸಿನಿಮಾ ಬಂದ ಮ್ಯಾಲ ನೋಡಿದ್ರ ಎರಡು ಸೀನಿನಾಗ ಹಿಂದ ನಿಂತಾಳ ಅಷ್ಟ, ಹಾಡು ಬ್ಯಾರೇದವರ ದನಿ. ಒಂದು ಫೋನ್ ಮಾಡಿ ಹೇಳೂವಷ್ಟೂ ಯಾರಿಗೂ ಅನ್ನಿಸಿಲ್ಲ. ಎರಡು ದಿನ ಸರಿಯಾಗಿ ಉಣ್ಣಲಿಲ್ಲ ಹುಡುಗಿ. "ಸಾಕು ಮಾಮಾ, ಬಿಎಡ್ ಮಾಡ್ತೀನಿ" ಅಂದ್ಲು.

ಏನ ಹೇಳಬೇಕು ತಿಳೀಲಿಲ್ಲ, ಹಳೇ ಹಿಂದಿ ಸಿನಿಮಾದ ಗಾಯಕಿ, ನಟಿ ಅಮೀರಬಾಯಿ ಕರ್ನಾಟಕಿ ಗೊತ್ತೇನವಾ ಅಂತ ಕೇಳಿದೆ. ಗೊತ್ತಿಲ್ಲ ಅಂದ್ಲು. ಬೀಳಗಿ ಇಲ್ಲೇ ಐತಿ, ದಿನಾ ಬಸ್ ಓಡಾಡ್ತಾವು, ಅಂದ್ರೂ ಗೊತ್ತಿಲ್ಲ. ಆಕೀದೇನ ತಪ್ಪಿಲ್ಲ, ಮನಿಯಾಗಿನ ದೊಡ್ಡವರು ನಾವ ಯಾರೂ ಹೇಳಿಲ್ಲ.

ಅಮೀರಬಾಯಿ ಹುಟ್ಟಿದ್ದು ಬೀಳಗಿಯೊಳಗ, ಆಗ ಅದು ಬಿಜಾಪುರ ಜಿಲ್ಲಾ, ಮುಂಬೈ ಪ್ರಾಂತ್ಯಕ್ಕ ಸೇರಿದ್ದು. ಹಂಗಾಗಿ ನಮ್ಮ ಕಡಿಯವರಿಗೆ ದೊಡ್ಡ ಊರು ಅಂದ್ರ ಮುಂಬೈನ, ಸಣ್ಣ ಹಳಿಯ ಮೀಟರ್ ಗೇಜ್ ಗಾಡಿ ಹತ್ತಿ ಸೊಲ್ಲಾಪುರ ಹತ್ತಿರದ ಹೋಟಗಿಗೆ ಹೋಗಿ ಅಲ್ಲಿ ದೊಡ್ಡ ಗಾಡಿ ಹಿಡೀಬೇಕಿತ್ತು. ಅಕ್ಕ ಗೋಹರಬಾಯಿನೂ ನಟಿ, ಗಾಯಕಿ, ಮುಂದ ಬಾಲಗಂಧರ್ವರ ಕಂಪನಿ ಸೇರಿ ಮರಾಠಿ ನಾಟಕದಾಗ ಹೆಸರು ಮಾಡಿದಾಕಿ. ಆ ಅಕ್ಕನ ಕೈಹಿಡಿದು ತಂಗೀನ್ನ ಸಿನಿಮಾಕ್ಕ ತಂದ್ಲು. 1934ರಾಗ 'ವಿಷ್ಣು ಭಕ್ತಿ' ಅಂತ ಹಿಂದಿ ಸಿನಿಮಾ. ನೋಡ್ರಿ, ಕನ್ನಡದ ಮೊದಲನೇ ಟಾಕಿ 'ಸತಿ ಸುಲೋಚನಾ' ಬಂದದ್ದೂ ಅದೇ ವರ್ಷ. ಅಂದ್ರ ನಮ್ಮ ಭಾಷಿ ಪರದಿ ಮ್ಯಾಲ ಇನ್ನೂ ಆಗಷ್ಟ ಬಾಯಿ ಬಿಡಾಕತ್ತಿತ್ತು, ಬೀಳಗಿ ಹುಡುಗಿ ಮುಂಬೈದಾಗ ಹಿಂದಿಯೊಳಗ ಹಾಡಿ ನಟಿಸಾಕತ್ತಿದ್ಲು.

ಆಗಿನ ಕೆಲಸಾನೂ ಹಂತಾದ್ದು. ಪ್ಲೇಬ್ಯಾಕ್ ಇನ್ನೂ ಬಂದಿರಲಿಲ್ಲ. ಕ್ಯಾಮೆರಾಕ್ಕ ಕಾಣದಂಗ ಮೈಕ್ ಮುಚ್ಚಿಡೂದು, ಪೇಟಿ ತಬಲಾದವರು ಪಕ್ಕಕ್ಕ ಮರಿಯೊಳಗ ಕುಂಡ್ರೂದು, ನಟಿ ಅಭಿನಯ ಮಾಡಕೋತ ಅಲ್ಲೇ ಹಾಡಬೇಕು, ಶ್ರುತಿ ಜಾರಿದ್ರ ಮತ್ತ ಮೊದಲಿಂದ. ಹಾಡಾಕ ಬರುವಂಥ ನಟಿಯರಿಗೆ ಅದಕ್ಕ ಬೆಲೆ ಇತ್ತು. 1935ರ ಸುಮಾರಿಗೆ ಪ್ಲೇಬ್ಯಾಕ್ ಶುರುವಾತು, ಆಟ ಬದಲಾತು, ಮಾರಿ ಒಬ್ಬರದು ದನಿ ಒಬ್ಬರದು ಆಗಬಹುದಾತು. ಅಮೀರಬಾಯಿ 1934ರಿಂದ ಮುಂದ ಒಂಬತ್ತು ವರ್ಷ ಸಣ್ಣಪುಟ್ಟ ಪಾರ್ಟು, ಅಲ್ಲೊಂದು ಇಲ್ಲೊಂದು ಹಾಡು, ಹೇಳಿಕೊಳ್ಳುವಂಥ ಯಶಸ್ಸು ಇಲ್ಲ. ಒಂಬತ್ತು ವರ್ಷ! ಆಕಿ ಬಗ್ಗೆ ಬರಿಯೋರೆಲ್ಲ ಇದನ್ನ ಒಂದು ಸಾಲಿನಾಗ ಮುಗಿಸಿ 'ಕಿಸ್ಮತ್'ಗೆ ಜಿಗೀತಾರ, ನನಗ ಮಾತ್ರ ಇಡೀ ಕತಿಯೊಳಗ ದೊಡ್ಡದು ಅಂದ್ರ ಇದ.

1943ರಾಗ 'ಕಿಸ್ಮತ್' ಬಂತು. ಬಾಂಬೆ ಟಾಕೀಸ್‌ದು, ಅನಿಲ್ ಬಿಸ್ವಾಸ್ ಸಂಗೀತ, ಕವಿ ಪ್ರದೀಪ್ ಹಾಡು. ಕಲಕತ್ತಾದ ರಾಕ್ಸಿ ಥೇಟರಿನೊಳಗ ಮೂರು ವರ್ಷದ ಮ್ಯಾಲ ಓಡಿದ ಸಿನಿಮಾ. ಪರದಿ ಮ್ಯಾಲ ನಾಯಕಿ ಮುಮ್ತಾಜ್ ಶಾಂತಿ, ದನಿ ನಮ್ಮ ಅಮೀರಬಾಯೀದು. ಕ್ವಿಟ್ ಇಂಡಿಯಾ ಚಳವಳಿ ಬಿಸಿ ಇನ್ನೂ ಆರಿರಲಿಲ್ಲ, ಅಂಥಾದ್ರಾಗ 'ದೂರ್ ಹಟೋ', ಅಂದ್ರ ದೂರ ಸರೀರಿ, ಅಂತ ಹಾಡಿದ್ಲು, ಹಾಡಿನಾಗ ಜರ್ಮನ್, ಜಪಾನಿ ಅಂತ ಹೆಸರಿದ್ದದ್ದಕ್ಕ ಸೆನ್ಸಾರ್ ದಾಟಿತು, ಕೇಳಿದ ಜನಕ್ಕ ಯಾರಿಗೆ ಹೇಳಿದ್ದು ಅಂತ ಬರೋಬ್ಬರಿ ಗೊತ್ತಾತು. ಮರುವರ್ಷ 'ರತನ್'ದಾಗ ಸಂಗೀತ ನಿರ್ದೇಶಕ ನೌಷಾದ್ ಕೈಯಾಗ ಹಾಡಿದ್ಲು, 1948ರಾಗ 'ಶಹನಾಜ್' ಸಿನಿಮಾಕ್ಕ ತಾನ ಸಂಗೀತ ನಿರ್ದೇಶನ ಮಾಡಿದ್ಲು. ವಿಜಾಪುರದಾಗ ಅಮೀರ್ ಟಾಕೀಜ್ ಅಂತೀವಲ್ಲ, ಅದು ಆಕೀದ.

ಇನ್ನೊಂದು ಮಾತು. ಅಕ್ಕ ತಂಗಿ ಇಬ್ಬರೂ ಹೆಸರಿನ ಮುಂದ ಕರ್ನಾಟಕಿ ಅಂತ ಇಟ್ಟುಕೊಂಡಿದ್ರು. ಕನ್ನಡದವರೆಲ್ಲ ಒಂದಾದದ್ದು 1956ರಾಗ, ರಾಜ್ಯಕ್ಕ ಕರ್ನಾಟಕ ಅಂತ ಹೆಸರು ಬಂದದ್ದು 1973ರಾಗ. ಅದಕ್ಕೂ ಎಷ್ಟು ಮೊದಲ ಮುಂಬೈದವರು ಆ ಹೆಸರು ಕರ್ಯಾಕತ್ತಿದ್ರು! ಇದನ್ನ ನೆನಸಿದಾಗೆಲ್ಲ ನನಗ ಎದಿ ತುಂಬಿ ಬರ್ತೈತಿ.

ಇಷ್ಟೆಲ್ಲ ಹೇಳಿದ್ರೂ ಹುಡುಗಿ ಸುಮ್ನ ಕುಂತಿತ್ತು. ಆಮ್ಯಾಲ ಮೊಬೈಲಿನಾಗ 'ಕಿಸ್ಮತ್'ದಾಗ ಅಮೀರಬಾಯಿ ಹಾಡಿದ 'ಧೀರೆ ಧೀರೆ ಆ ರೇ ಬಾದಲ್' ಹಚ್ಚಿದೆ. ಇಯರ್‌ಫೋನ್ ಒಂದು ಆಕಿ ಕಿವಿಗೆ, ಒಂದು ನನ್ನ ಕಿವಿಗೆ. ಜೋಗುಳದಂಗ ನಿಧಾನ ಹಾಡು, ಹಳೇ ರೆಕಾರ್ಡಿನ ಗರಗರ ಸದ್ದಿನೊಳಗಿಂದ ದನಿ ಬರ್ತೈತಿ, ಎಲ್ಲೂ ಜೋರು ಇಲ್ಲ, ಮೋಡಕ್ಕ ಸಪ್ಪಳ ಮಾಡಬ್ಯಾಡ ಅಂತ ಮೆಲ್ಲಕ ಹೇಳಿದಂಗ. ಒಂದು ಕಡಿ ಹುಡುಗಿ ತಟ್ನ ಕೈ ಎತ್ತಿ ನಿಲ್ಲಿಸಿ ಹಿಂದ ಎಳದ್ಲು, ಮತ್ತ ಕೇಳಿದ್ಲು, ಮತ್ತ ಎಳದ್ಲು. "ಮಾಮಾ, ಇಲ್ಲಿ ಉಸಿರು ಎಲ್ಲಿ ತಗೊಂಡ್ಲು ಈಕಿ? ಗೊತ್ತ ಆಗೂದಿಲ್ಲಲ್ಲ."

ಮರುದಿನ ಮುಂಜಾನೆ ಐದೂವರಿಗೆ ಹಿತ್ತಲದಾಗ ತಂಬೂರಿ ಆ್ಯಪ್ ಹಚ್ಚಿಕೊಂಡು ಕುಂತಿದ್ಲು. ಅದೇ ಒಂದು ಸಾಲು. ಉಸಿರು ಹಿಡಿಯೂದು, ಅರ್ಧಕ್ಕ ಬಿಟ್ಟು ಹೋಗೂದು, ಮತ್ತ ಮೊದಲಿಂದ. ಅಕ್ಕ ಒಳಗಿಂದ ಬಿಸಿ ರೊಟ್ಟಿ ಆರಾಕತ್ತಾವು ಬಾರವಾ ಅಂತ ಮೂರು ಸರ್ತಿ ಕರದ್ಲು, ಏಳಲಿಲ್ಲ.