ಆ ಹನ್ನೆರಡು ಜನ ಎಲ್ಲಿಂದ ಬಂದರು?

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ಕೆಲಸ. ಗೊತ್ತಿಲ್ಲದ ಪದ ಇಲ್ಲಿ ಅಷ್ಟೇನೂ ಕಾಡುವುದಿಲ್ಲ, ನಿಘಂಟು ತೆಗೆದು ನೋಡುತ್ತೇವೆ. ಗೊತ್ತಿದೆ ಅಂದುಕೊಂಡ ಪದವೇ ಕೈಕೊಡುವುದು. ನನಗೆ ಹಾಗೆ ಕೈಕೊಟ್ಟ ಪದ ‘ಫಾರ್ಲಾರ್ನ್’.

ಆಗ ನನ್ನ ಕೈಯಲ್ಲಿದ್ದದ್ದು ಶ್ರೀರಂಗಪಟ್ಟಣದ ಕೊನೆಯ ಮುತ್ತಿಗೆಯ ಬಗ್ಗೆ ಒಂದು ಹಳೆಯ ಇಂಗ್ಲಿಷ್ ಬರಹ. 1799ರ ಮೇ 4, ಮಧ್ಯಾಹ್ನ ಸುಮಾರು 1 ಗಂಟೆ. ಬೇಸಿಗೆಯ ಕಾವೇರಿ ಇಳಿದು ಬಂಡೆಗಳು ಮೇಲೆದ್ದಿವೆ. ಕೋಟೆಯ ವಾಯವ್ಯ ಮೂಲೆಯ ಹತ್ತಿರ, ಪಶ್ಚಿಮದ ಗೋಡೆಗೆ ಫಿರಂಗಿಗಳು ಕಂಡಿ ಬೀಳಿಸಿವೆ. ಟಿಪ್ಪುವಿನ ಕೋಟೆಯ ಮೇಲೆ ಬ್ರಿಟಿಷರ ಈ ದಾಳಿಯ ಮುಂದಾಳು ಮೇಜರ್ ಜನರಲ್ ಡೇವಿಡ್ ಬೇರ್ಡ್. 1780ರಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಸೆರೆಸಿಕ್ಕಿ, ಇದೇ ಪಟ್ಟಣದ ಸೆರೆಮನೆಯಲ್ಲಿ ಮೂರೂವರೆ ವರ್ಷ ಕಳೆದಿದ್ದವನು. ಆ ಜಾಗದಲ್ಲಿ ಮೂಲದ ಲೇಖಕ ‘ಫಾರ್ಲಾರ್ನ್ ಹೋಪ್’ ಎಂಬ ಮಾತು ಬಳಸಿದ್ದ. ಫಾರ್ಲಾರ್ನ್ ಅಂದರೆ ದಿಕ್ಕೆಟ್ಟ, ನಿರಾಶವಾದ. ಹೋಪ್ ಅಂದರೆ ಭರವಸೆ. ನಾನು ಬರೆದೆ: ‘ಕ್ಷೀಣವಾದ ಭರವಸೆಯೊಂದಿಗೆ ಸೈನಿಕರು ಹೊಳೆಗಿಳಿದರು.’ ಓದಲು ಎಲ್ಲೂ ತೊಡರುವುದಿಲ್ಲ. ನಿಘಂಟು ಮುಟ್ಟಬೇಕೆಂದೂ ಅನ್ನಿಸಲಿಲ್ಲ.

ಕರಡು ತಿದ್ದುವವರು ಹಿರಿಯರು, ನಿವೃತ್ತ ಕನ್ನಡ ಮೇಷ್ಟ್ರು. ಇಂಗ್ಲಿಷ್ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಓದುವವರಲ್ಲ, ಕನ್ನಡವನ್ನಷ್ಟೇ ನೋಡುತ್ತಾರೆ. ಹಾಳೆಯ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಎರಡು ಸಾಲು ಬರೆದು ಕಳಿಸಿದ್ದರು. ‘ಗೋಡೆಗೆ ಕಂಡಿ ಬಿದ್ದಿದೆ, ಹೊಳೆಯಲ್ಲಿ ನೀರು ಕಡಿಮೆ, ಬೆನ್ನ ಹಿಂದೆ ಅಷ್ಟು ದೊಡ್ಡ ಸೈನ್ಯ. ಇವರಿಗೆ ಭರವಸೆ ಯಾಕೆ ಕ್ಷೀಣವಾಯಿತು? ಮುಂದಿನ ಸಾಲಿನಲ್ಲಿ ಒಬ್ಬ ಸಾರ್ಜೆಂಟ್, ಹನ್ನೆರಡು ಜನ ಎಂದಿದೆ. ಈ ಹನ್ನೆರಡು ಜನ ಎಲ್ಲಿಂದ ಬಂದರು?’

ಆ ಪ್ರಶ್ನೆಯ ಮುಂದೆ ಬಹಳ ಹೊತ್ತು ಕೂತೆ. ಇಂಗ್ಲಿಷ್ ನೋಡದೆಯೇ ಅವರು ಇಂಗ್ಲಿಷಿನ ತಪ್ಪು ಹಿಡಿದಿದ್ದರು. ಆ ಹನ್ನೆರಡು ಜನ ಎಲ್ಲಿಂದಲೋ ಬಂದವರಲ್ಲ, ಅವರೇ ಆ ‘ಫಾರ್ಲಾರ್ನ್ ಹೋಪ್’. ನಾನು ಅವರನ್ನು ಅಳಿಸಿ ಆ ಜಾಗದಲ್ಲಿ ಒಂದು ಮನಸ್ಥಿತಿಯನ್ನು ಕೂರಿಸಿದ್ದೆ.

ಈ ಮಾತು 16ನೇ ಶತಮಾನದಲ್ಲಿ ಡಚ್ಚಿನಿಂದ ಇಂಗ್ಲಿಷಿಗೆ ಬಂದದ್ದು. ಡಚ್ಚಿನಲ್ಲಿ ಅದು ‘ವರ್ಲೋರನ್ ಹೋಪ್’. ಅಲ್ಲಿನ ಹೋಪ್ ಭರವಸೆಯಲ್ಲ, ಗುಂಪು, ರಾಶಿ. ಇಂಗ್ಲಿಷಿನ ‘ಹೀಪ್’ ಅದರ ದಾಯಾದಿ. ಅಂದರೆ ‘ಕಳೆದುಕೊಂಡ ಗುಂಪು’, ಹೋದರು ಎಂದೇ ಲೆಕ್ಕಕ್ಕೆ ಹಿಡಿದ ತುಕಡಿ. ಕೋಟೆಯ ಕಂಡಿಗೆ ಮೊದಲು ನುಗ್ಗಿ, ಮೊದಲ ಗುಂಡುಗಳನ್ನು ಎದೆಯಲ್ಲಿ ತೆಗೆದುಕೊಳ್ಳುವವರು. ಫ್ರೆಂಚರು ಇಂಥವರನ್ನೇ ‘ಕಳೆದುಹೋದ ಮಕ್ಕಳು’ ಎನ್ನುತ್ತಿದ್ದರು, ಆ ಹೆಸರು ಕೇಳಿದರೆ ನನಗೆ ಈಗಲೂ ಹೊಟ್ಟೆ ಚುರುಕ್ ಎನ್ನುತ್ತದೆ. ಡಚ್ಚಿನ ಹೋಪ್ ಇಂಗ್ಲಿಷರ ಕಿವಿಗೆ ತಮ್ಮದೇ ‘ಹೋಪ್’ ಆಗಿ ಕೇಳಿಸಿತು. ಅಲ್ಲಿಂದ ಮುಂದೆ ಅದಕ್ಕೆ ‘ಈಡೇರದ ಆಸೆ’ ಎಂಬ ಅರ್ಥವೂ ಅಂಟಿಕೊಂಡು, ಇವತ್ತು ಅದೇ ಹೆಚ್ಚು ಚಾಲ್ತಿಯಲ್ಲಿದೆ. ನನಗೆ ಗೊತ್ತಿದ್ದದ್ದು ಇವತ್ತಿನ ಅರ್ಥ. ಕೈಯಲ್ಲಿದ್ದದ್ದು 1799ರ ಯುದ್ಧ.

ಇನ್ನು ಕನ್ನಡದಲ್ಲಿ ಏನನ್ನುವುದು? ಮೊದಲು ಮನಸ್ಸು ಹರಿದದ್ದು ನಮ್ಮ ಶಾಸನಗಳ ‘ವೇಳೆವಾಳಿ’ಯ ಕಡೆಗೆ, ಒಡೆಯನೊಂದಿಗೇ ಸಾಯುವ ಪಣ ತೊಟ್ಟ ವೀರನ ಕಡೆಗೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಕಂಬದ ಶಾಸನದಲ್ಲಿ ಕುವರಲಕ್ಷ್ಮನ ಕಥೆಯಿದೆ, ಎರಡನೇ ಬಲ್ಲಾಳನೊಂದಿಗೆ ತನ್ನವರ ಸಮೇತ ಜೀವ ಬಿಟ್ಟವನು. ಎಂಥ ಪದ, ಎಷ್ಟು ತೂಕ! ಒಂದು ಇಡೀ ದಿನ ಅದನ್ನೇ ಬರೆದಿಟ್ಟುಕೊಂಡಿದ್ದೆ. ಕೊನೆಗೆ ಹೊಡೆದುಹಾಕಿದೆ. ವೇಳೆವಾಳಿಯದು ಒಡೆಯನಿಗೆ ಕೊಟ್ಟ ಭಾಷೆ, ಒಡೆಯ ಹೋದರೆ ತಾನೂ ಹೋಗಬೇಕು. ಕಾವೇರಿ ದಾಟಿದವರು ತಾವಾಗಿ ಹೆಸರು ಕೊಟ್ಟ ಸಿಪಾಯಿಗಳು. ಬದುಕಿ ಉಳಿದರೆ ಬಡ್ತಿ ಸಿಗಬಹುದೆಂಬ ಆಸೆಯೂ ಇಂಥ ತುಕಡಿ ಸೇರುವವರಿಗೆ ಇರುತ್ತಿತ್ತು. ಅವರಿಗೆ ವೇಳೆವಾಳಿಯ ಹೆಸರು ಕೊಟ್ಟರೆ ಅದು ಸಲ್ಲದ ಮರ್ಯಾದೆ. ‘ಮುಂಚೂಣಿ ದಳ’ ಅನ್ನೋಣವೆಂದರೆ ಅದರಲ್ಲಿ ಸಾವಿನ ವಾಸನೆಯೇ ಇಲ್ಲ, ಪೆರೇಡಿನ ಮಾತಿನಂತಿದೆ. ‘ಬಲಿಪಡೆ’ ಅಂದರೆ ಯಾರೋ ಎಳೆದು ತಂದಂತಾಗುತ್ತದೆ.

ಮೇಷ್ಟ್ರಿಗೆ ಫೋನ್ ಮಾಡಿದೆ. ಎಲ್ಲಾ ಕೇಳಿಸಿಕೊಂಡು, “ನಿಮ್ಮ ಕಡೆ ಇಂಥವರಿಗೆ ಏನಂತಾರಮ್ಮಾ, ಮನೇಲಿ ಮಾತಾಡೋ ಕನ್ನಡದಲ್ಲಿ ಹೇಳು” ಅಂದರು.

“ಜೀವದಾಸೆ ಬಿಟ್ಟೋರು ಅಂತೀವಿ ಸಾರ್.”

“ಮತ್ತೆ? ಅದನ್ನೇ ಬರೆ.”

‘ಜೀವದಾಸೆ ಬಿಟ್ಟವರ ತುಕಡಿ.’ ಡಚ್ಚಿನ ಗುಂಪು ತುಕಡಿಯಲ್ಲಿ ಉಳಿಯಿತು. ಇಂಗ್ಲಿಷಿನವರು ತಪ್ಪಾಗಿ ಕೇಳಿಸಿಕೊಂಡ ಆ ‘ಹೋಪ್’ ಕೂಡ ‘ಆಸೆ’ಯಾಗಿ ಒಳಗೆ ಬಂದು ಕೂತಿತು. ಇಂಥದು ವರ್ಷಕ್ಕೊಮ್ಮೆ ಒಲಿದರೆ ನಮ್ಮ ಪುಣ್ಯ.

ಅಲ್ಲಿಗೆ ಫಾರ್ಲಾರ್ನ್ ನನ್ನನ್ನು ಬಿಡಲಿಲ್ಲ. ಅದೇ ಬರಹದಲ್ಲಿ ಅದು ಒಂಟಿಯಾಗಿ ಇನ್ನೆರಡು ಕಡೆ ಬಂದಿತ್ತು. ಈ ಸಲ ಬೇರಿನಿಂದ ಶುರುಮಾಡಿದೆ. ‘ಲಾರ್ನ್’ ಎಂಬುದು ‘ಲೂಸ್’, ಅಂದರೆ ಕಳೆದುಕೊಳ್ಳು, ಎಂಬುದರ ಹಳೆಯ ರೂಪ. ಇಂಗ್ಲಿಷಿನ ‘ವಾಸ್’ (was) ಎಂಬುದರ ಜೊತೆಗೆ ‘ವರ್’ (were) ಇರುವಂತೆ ಇಲ್ಲೂ ಸಕಾರದ ಜಾಗದಲ್ಲಿ ರಕಾರ ಬಂದಿದೆ. ನಮ್ಮಲ್ಲಿ ಪಾಲು ಹಾಲಾದ ಹಾಗೆ ದನಿ ಸರಿದಿದೆ, ಅಷ್ಟೆ. ಮುಂದಿನ ‘ಫಾರ್’ ಪೂರ್ತಿಯಾಗಿ ಎಂದು ಒತ್ತಿ ಹೇಳುತ್ತದೆ. ಹಾಗಾಗಿ ಈ ಪದದಲ್ಲಿ ಬರೀ ದುಃಖವಿಲ್ಲ, ಬರೀ ಒಂಟಿತನವೂ ಇಲ್ಲ. ಮೊದಲು ಏನೋ ಇತ್ತು, ಯಾರೋ ಇದ್ದರು, ಈಗ ಇಲ್ಲ. ಒಬ್ಬರೇ ಇರಬೇಕೆಂದು ಬಯಸಿ ಕೂತವರು ಫಾರ್ಲಾರ್ನ್ ಆಗುವುದಿಲ್ಲ. ಉಚ್ಚಾರದಲ್ಲೂ ಆ ‘ಲಾ’ ಎಳೆದುಕೊಂಡು ಹೋಗುತ್ತದೆ. ಕೀಟ್ಸ್ 1819ರ ತನ್ನ ನೈಟಿಂಗೇಲ್ ಕವಿತೆಯಲ್ಲಿ ಒಂದು ಪದ್ಯವನ್ನು ಇದೇ ಪದದಿಂದ ಮುಗಿಸಿ, ಮುಂದಿನದನ್ನು ಇದರಿಂದಲೇ ಎತ್ತಿಕೊಂಡು, ಅದನ್ನು ಗಂಟೆಯ ನಾದಕ್ಕೆ ಹೋಲಿಸಿದ್ದು ಸುಮ್ಮನಲ್ಲ.

ಕೋಟೆ ಬಿದ್ದ ಮೇಲಿನ ಬೀದಿಗಳ ವರ್ಣನೆಯಲ್ಲಿ ಅದು ಬಂದಾಗ ಕನ್ನಡ ತಡಮಾಡದೆ ಒದಗಿತು: ಬಿಕೋ ಎನ್ನುವ ಬೀದಿಗಳು. ‘ನಿರ್ಜನ’ ಎಂದರೆ ಜನ ಇಲ್ಲ ಎಂದಷ್ಟೇ. ‘ಬಿಕೋ’ ಅಂದಾಗ ಮದುವೆ ಮುಗಿದ ಮಾರನೆಯ ದಿನದ ಚಪ್ಪರ ಕಣ್ಣಿಗೆ ಬರುತ್ತದೆ, ಇದ್ದವರು ಹೋದದ್ದು ಕಿವಿಗೆ ಕೇಳಿಸುತ್ತದೆ.

ಇನ್ನೊಂದು ಕಡೆ ಅದು ಮನುಷ್ಯನಿಗೆ ಹೇಳಿದ್ದು. ಗುರುತಿನವರೆಲ್ಲ ಸತ್ತು, ಬಾಗಿಲ ಹತ್ತಿರ ಕೂತಿದ್ದ ಮುದುಕ ಕಾವಲುಗಾರ. ‘ತಬ್ಬಲಿ’ ಎಂದರೆ ನಮಗೆಲ್ಲ ಪುಣ್ಯಕೋಟಿಯ ಕರುವೇ ಎದುರು ನಿಲ್ಲುತ್ತದೆ, ಮುದುಕನಿಗೆ ಒಗ್ಗದು. ‘ಅನಾಥ’ ಅರ್ಜಿ ಫಾರಂನ ಪದವಾಗಿಬಿಟ್ಟಿದೆ. ‘ಪರದೇಶಿ’ ಬೈಗುಳದ ಕಡೆ ವಾಲುತ್ತದೆ. ಕಡೆಗೆ ಗುಣವಾಚಕವನ್ನೇ ಕೈಬಿಟ್ಟು ‘ಕೇಳುವವರಿಲ್ಲದೆ ಕೂತಿದ್ದ’ ಎಂದು ಬರೆದೆ. ಅಚ್ಚಾಗಿರುವುದು ಹಾಗೇ. ಆದರೆ ‘ಕೇಳುವವರಿಲ್ಲದೆ’ ಎಂಬಲ್ಲಿ ಹಿಂದೆ ಕೇಳುವವರು ಇದ್ದರು ಎಂಬುದು ಬರಲಿಲ್ಲ. ಎರಡನೇ ಮುದ್ರಣ ಬಂದರೆ ತಿದ್ದಬೇಕೆಂದು ನನ್ನ ಪ್ರತಿಯ ಆ ಪುಟಕ್ಕೆ ಚೀಟಿ ಸಿಕ್ಕಿಸಿಟ್ಟಿದ್ದೇನೆ. ಪದ ಇನ್ನೂ ಸಿಕ್ಕಿಲ್ಲ.