ಕವರ್‌ನಲ್ಲಿ ನಿಂತವನು

ಕಳೆದ ಭಾನುವಾರ ಪಕ್ಕದ ಮನೆಯ ಯಜಮಾನರಿಗೂ ನನ್ನ ಮಗನಿಗೂ ಜೋರು ವಾದ ನಡೆಯಿತು. ಅವರಿಗೆ ಎಪ್ಪತ್ತು ದಾಟಿದೆ, ಇವನಿಗೆ ಹನ್ನೆರಡು. ವಿಷಯ ಇಲ್ಲಿಯ ಅಮೆರಿಕನ್ ಫುಟ್‌ಬಾಲ್, ಅದರಲ್ಲೂ ನಮ್ಮ ಫಿಲಡೆಲ್ಫಿಯಾ ಈಗಲ್ಸ್ ತಂಡದ್ದು. ಎದುರಾಳಿ ಕ್ವಾರ್ಟರ್‌ಬ್ಯಾಕ್, ಅಂದರೆ ಪಾಸ್ ಎಸೆಯುವವನು, ಚೆಂಡು ಹಿಡಿದು ನಿಂತಾಗ ಅವನ ಮೇಲೆ ಎಷ್ಟು ಜನ ನುಗ್ಗಬೇಕು, ಎಷ್ಟು ಜನ ಹಿಂದೆ ಉಳಿದು ಕಾಯಬೇಕು?

ಯಜಮಾನರ ಪ್ರಕಾರ ನಾಲ್ಕಕ್ಕಿಂತ ಹೆಚ್ಚು ಜನ ನುಗ್ಗಲೇಬೇಕು. ಅದನ್ನೇ ಇಲ್ಲಿ ಬ್ಲಿಟ್ಜ್ ಅನ್ನುತ್ತಾರೆ. ಅವರು ಜಿಮ್ ಜಾನ್ಸನ್ ಕಾಲದ ಅಭಿಮಾನಿ. ಜಾನ್ಸನ್ 1999ರಿಂದ ಹತ್ತು ಸೀಸನ್ ಈಗಲ್ಸ್‌ನ ಡಿಫೆನ್ಸ್ ನೋಡಿಕೊಂಡ ಕೋಚ್. ಯಾರು ಯಾವ ಕಡೆಯಿಂದ ನುಗ್ಗಿ ಬರುತ್ತಾರೆ ಅನ್ನೋದೇ ಎದುರಾಳಿಗೆ ತಿಳಿಯುತ್ತಿರಲಿಲ್ಲ. ಎಲ್ಲರಿಗಿಂತ ಹಿಂದೆ ಕಾಯಬೇಕಾದ ಬ್ರಯನ್ ಡಾಕಿನ್ಸ್ ಕೂಡ ಮುಂದೆ ನುಗ್ಗುತ್ತಿದ್ದ. ಆಟ ಇರುವ ದಿನ ನಮ್ಮ ಯಜಮಾನರ ಮೈಮೇಲೆ ಇವತ್ತಿಗೂ ಡಾಕಿನ್ಸ್‌ನ 20ನೇ ನಂಬರಿನ ಜೆರ್ಸಿಯೇ.

ಮಗ ಒಪ್ಪಲಿಲ್ಲ. ನನ್ನ ಹೆಂಡತಿ ಹುರಿದು ಕಳಿಸಿದ್ದ ಕಡಲೆಬೀಜವನ್ನೇ ಮೇಜಿನ ಮೇಲೆ ಜೋಡಿಸಿದ. ನಮ್ಮವರು ಹನ್ನೊಂದು ಜನ. ನಾಲ್ಕು ಜನ ನುಗ್ಗಿದರೆ ಹಿಂದೆ ಏಳು ಜನ ಉಳಿಯುತ್ತಾರೆ. ಎದುರಾಳಿಯಲ್ಲಿ ಪಾಸ್ ಹಿಡಿಯಲು ಓಡುವವರು ಹೆಚ್ಚೆಂದರೆ ಐದು ಜನ. ಐವರಿಗೆ ಏಳು ಕಾವಲು. ಆರು ಜನ ನುಗ್ಗಿದರೆ ಹಿಂದೆ ಉಳಿಯೋದು ಐದೇ. ಒಬ್ಬನಿಗೆ ಒಬ್ಬ. ಅದರಲ್ಲಿ ಒಬ್ಬ ಜಾರಿದರೂ ಮುಂದೆ ಬರೀ ಖಾಲಿ ಮೈದಾನ.

ಯಜಮಾನರು 2018ರ ಸೂಪರ್ ಬೌಲ್, ಅಂದರೆ ಸೀಸನ್ನಿನ ಫೈನಲ್ ಆಟದ ಮಾತು ತೆಗೆದರು. ಕೊನೆಯಲ್ಲಿ ಬ್ರ್ಯಾಂಡನ್ ಗ್ರಹಾಂ ನುಗ್ಗಿ ಎದುರಾಳಿ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯ ಕೈಯಿಂದ ಚೆಂಡು ಬೀಳಿಸಿದ್ದಕ್ಕೇ ಅಲ್ವಾ ಈಗಲ್ಸ್‌ಗೆ ಮೊದಲ ಸೂಪರ್ ಬೌಲ್ ಸಿಕ್ಕಿದ್ದು? ಮಗ ತಕ್ಷಣ ಹೇಳಿದ: "ಇಡೀ ಆಟದಲ್ಲಿ ಅದೊಂದೇ ಸ್ಯಾಕ್. ಬ್ರೇಡಿ ಅವತ್ತು 505 ಯಾರ್ಡ್ ಪಾಸ್ ಮಾಡಿದ್ದ." ಪಾಸ್ ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕನ್ನು ಕೆಡವಿದರೆ ಅದು ಸ್ಯಾಕ್.

ಕೊನೆಗೆ ತೀರ್ಮಾನಕ್ಕೆ 2025ರ ಫೆಬ್ರವರಿ 9ರ ಫೈನಲ್ ಹಾಕಿಕೊಂಡು ಕೂತೆವು. ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ ಆಟ. ಎದುರಿಗೆ ಕಾನ್ಸಾಸ್ ಸಿಟಿ ಚೀಫ್ಸ್, ಸತತ ಮೂರನೇ ಸಲ ಗೆಲ್ಲಲು ಬಂದವರು. ಅವರ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್. ಈಗಲ್ಸ್ ಡಿಫೆನ್ಸ್ ನಡೆಸಿದವರು ವಿಕ್ ಫ್ಯಾಂಜಿಯೋ. ಅವರು ಅವತ್ತು ಒಂದೇ ಒಂದು ಸಲ ಕೂಡ ಬ್ಲಿಟ್ಜ್ ಕಳಿಸಲಿಲ್ಲ! ನಾಲ್ಕೇ ಜನ ನುಗ್ಗಿದರು. ಆದರೂ ಮಹೋಮ್ಸ್‌ನನ್ನು ಆರು ಸಲ ಕೆಡವಿದರು. ಮೊದಲರ್ಧ ಮುಗಿದಾಗ 24-0, ಕೊನೆಗೆ 40-22ರಿಂದ ಈಗಲ್ಸ್ ಗೆಲುವು. ಅವತ್ತೇ 22 ತುಂಬಿದ ಈಗಲ್ಸ್‌ನ ಕೂಪರ್ ಡಿಜೀನ್ ಮಹೋಮ್ಸ್‌ನ ಪಾಸನ್ನು ನಡುವೆ ಹಿಡಿದು ಎದುರಾಳಿಯ ಕೊನೆಗೆರೆ ದಾಟುವವರೆಗೂ ಓಡಿ ಟಚ್‌ಡೌನ್ ಮಾಡಿದ. ನಾನು ಇದನ್ನೆಲ್ಲ ಮೊದಲೇ ನೋಡಿದ್ದೆ. ಆದರೆ ಮಗ ಒಂದು ಕಡೆ ನಿಲ್ಲಿಸಿ, "ಅಪ್ಪ, ಕೆಡವಿದವನನ್ನ ನೋಡಬೇಡ. ಹಿಂದೆ ನೋಡು" ಅಂದ.

ಹಿಂದೆ ನೋಡಿದೆ. ಮಹೋಮ್ಸ್ ಬಲಕ್ಕೆ ನೋಡುತ್ತಾನೆ, ಎಡಕ್ಕೆ ನೋಡುತ್ತಾನೆ. ಎಸೆಯೋಣ ಅಂದರೆ ಯಾರೂ ಬಿಡುವಾಗಿಲ್ಲ. ಇನ್ನೊಂದು ಕ್ಷಣ ಚೆಂಡು ಹಿಡಿದುಕೊಳ್ಳುತ್ತಾನೆ. ಮುಂದಿನವರಿಗೆ ಬೇಕಾಗಿದ್ದು ಆ ಒಂದು ಕ್ಷಣವೇ. ಇಲ್ಲಿ ಅದಕ್ಕೆ ಕವರೇಜ್ ಸ್ಯಾಕ್ ಅಂತ ಹೆಸರೇ ಇದೆ. ಆದರೆ ಲೆಕ್ಕ ಬರೆಯುವಾಗ ಅದು ಕೆಡವಿದವನ ಹೆಸರಿಗೇ ಹೋಗುತ್ತದೆ. ಅವತ್ತು ಜಾಶ್ ಸ್ವೆಟ್ ಹೆಸರಲ್ಲಿ ಎರಡೂವರೆ ಸ್ಯಾಕ್ ಇವೆ. ಅವನು ಚೆನ್ನಾಗೇ ಆಡಿದ, ಅದರಲ್ಲಿ ಎರಡು ಮಾತಿಲ್ಲ. ಹಿಂದೆ ಓಡಿ ಓಡಿ ದಾರಿ ಮುಚ್ಚಿದವರ ಹೆಸರಿನ ಮುಂದೆ ಮಾತ್ರ ಅಂಥ ಅಂಕಿ ಇಲ್ಲ.

"ಕಬಡ್ಡಿಯಲ್ಲೂ ಹೀಗೇ" ಅಂದೆ. ಮಗ ಕಿವಿ ನಿಮಿರಿಸಿದ.

ಮಂಡ್ಯದ ಹತ್ತಿರ ನಮ್ಮೂರು. ಗಣೇಶನ ಹಬ್ಬ ಬಂದರೆ ಸುತ್ತ ಹತ್ತೂರಲ್ಲಿ ಕಬಡ್ಡಿ. ನಾನು ಲೆಫ್ಟ್ ಕಾರ್ನರ್, ನನ್ನ ಪಕ್ಕ ಎರಡನೆಯವನು ಬಿಟ್ಟರೆ ಅಣ್ಣ. ಅವನದು ಕವರ್. ಹೌದು, ನಮ್ಮಲ್ಲೂ ಆ ಜಾಗಕ್ಕೆ ಅದೇ ಹೆಸರು! ರೈಡರ್ ಒಳಗೆ ಬಂದಾಗ ಕಾಲು ಹಿಡಿಯೋದು ಕಾರ್ನರ್ ಕೆಲಸ. ಹಿಡಿದ ಕ್ಷಣ ರೈಡರ್ ನಮ್ಮನ್ನು ಎಳೆದುಕೊಂಡೇ ನಡುಗೆರೆಯ ಕಡೆ ಹಾರುತ್ತಾನೆ. ಆಗ ಕವರ್‌ನವನು ಬಂದು ಎದುರು ನಿಲ್ಲದಿದ್ದರೆ ಹಿಡಿದಿದ್ದು ದಂಡ. ಅಣ್ಣ ಒಂದು ಸಲವೂ ತಡ ಮಾಡಿದವನಲ್ಲ. ಶಿಳ್ಳೆ ಚಪ್ಪಾಳೆ ನನಗೆ ಬೀಳುತ್ತಿತ್ತು.

ಮನೆಗೆ ಬಂದ ಮೇಲೆ ಮಗ ಮೆಟ್ಟಿಲ ಗೋಡೆಯ ಫೋಟೋ ಮುಂದೆ ತುಂಬಾ ಹೊತ್ತು ನಿಂತಿದ್ದ. ನಡುವೆ ನಾನು, ಕೈಯಲ್ಲಿ ಕಪ್. ಅಣ್ಣ ಅಂಚಿನಲ್ಲಿ. ಚೌಕಟ್ಟು ಹಾಕಿಸುವಾಗ ಅವನ ಅರ್ಧ ಮುಖ ಕತ್ತರಿಸಿ ಹೋಗಿದೆ.

"ದೊಡ್ಡಪ್ಪ ಕವರ್ ಅಲ್ವಾ ಅಪ್ಪ? ಅದಕ್ಕೇ ಫೋಟೋದಲ್ಲಿ ಇಲ್ವಾ?"

ಅವನು ಸುಮ್ನೆ ಕೇಳಿದ್ದು. ನನಗೆ ಉತ್ತರ ಹೊರಡಲಿಲ್ಲ.

ಅಪ್ಪನಿಗೆ ಲಕ್ವ ಹೊಡೆದ ವರ್ಷ ಅಣ್ಣ ಡಿಗ್ರಿ ಕೊನೆಯ ವರ್ಷದಲ್ಲಿದ್ದ. ಓದು ಬಿಟ್ಟ. ನಾನು ಬೆಂಗಳೂರಿಗೆ ಹೋದೆ, ಅಲ್ಲಿಂದ ಇಲ್ಲಿಗೆ ಬಂದೆ. ಅಪ್ಪನನ್ನು ಎಂಟು ವರ್ಷ ಎತ್ತಿ ಮಲಗಿಸಿದವನು ಅವನು. ಕಬ್ಬಿನ ಗದ್ದೆ, ಅಮ್ಮನ ಸಕ್ಕರೆ ಕಾಯಿಲೆ, ನಾಲೆ ನೀರಿನ ಜಗಳ, ಎಲ್ಲ ಅವನ ತಲೆಯ ಮೇಲೆ. ಇಲ್ಲಿ ನಾನು ನಿಶ್ಚಿಂತೆಯಿಂದ ಮುಂದೆ ನುಗ್ಗಿದ್ದೇನೆ ಅಂದರೆ ಹಿಂದೆ ಅವನಿದ್ದ. ಊರಿಗೆ ಹೋದಾಗಲೆಲ್ಲ ನನಗೆ ಶಾಲು ಹೊದಿಸಿ ವೇದಿಕೆಯಲ್ಲಿ ಕೂರಿಸುತ್ತಾರೆ. ಅಣ್ಣ ಆ ಕಾರ್ಯಕ್ರಮಕ್ಕೆ ಕುರ್ಚಿ ಹಾಕಿಸುತ್ತಿರುತ್ತಾನೆ. ಬಿಟ್ಟು ಹೋದವನಿಗೆ ಶಾಲು, ಉಳಿದವನಿಗೆ ಕುರ್ಚಿ ಹೊರುವ ಕೆಲಸ. ನಮ್ಮ ಊರುಗಳು ಇದರಲ್ಲಿ ತಪ್ಪು ಮಾಡುತ್ತಿವೆ. ಆ ಶಾಲನ್ನು ಸುಮ್ಮನೆ ಹೊದ್ದುಕೊಂಡ ನಾನೂ ತಪ್ಪು ಮಾಡಿದ್ದೇನೆ.

ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದೆ. ಅಲ್ಲಿ ಬೆಳಗ್ಗೆ ಏಳೂವರೆ. ಅಣ್ಣ ಗದ್ದೆಯಲ್ಲಿದ್ದ.

"ಏನ್ಲಾ, ಎಲ್ರೂ ಚೆಂದಾಗಿದ್ದೀರಾ?"

"ಚೆನ್ನಾಗಿದ್ದೀವಿ ಅಣ್ಣ. ಇವನಿಗೆ ನಿನ್ನ ಹತ್ರ ಏನೋ ಕೇಳಬೇಕಂತೆ."

ಫೋನ್ ಮಗನಿಗೆ ಕೊಟ್ಟೆ. ಕವರ್ ಆಡೋದು ಹೇಗೆ ಅಂತ ಅವನು ಕೇಳಿದ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಇಷ್ಟು ವರ್ಷದಲ್ಲಿ ಅಣ್ಣನನ್ನು ಯಾರೂ ಇದನ್ನು ಕೇಳಿರಲಿಲ್ಲ. ಆಮೇಲೆ ಶುರು ಮಾಡಿದವನು ಅರ್ಧ ಗಂಟೆ ನಿಲ್ಲಿಸಲಿಲ್ಲ. ಕಾಲು ಎಲ್ಲಿಡಬೇಕು, ಕಣ್ಣು ಎಲ್ಲಿಡಬೇಕು, ಪಕ್ಕದವನ ಕೈ ಯಾವಾಗ ಬಿಡಬೇಕು. ಮಗ ಮತ್ತೆ ಕಡಲೆಬೀಜ ಜೋಡಿಸುತ್ತಾ ಕೇಳಿಸಿಕೊಂಡ.

"ದೊಡ್ಡಪ್ಪ, ಎಲ್ಲರೂ ಮೊದಲೇ ನುಗ್ಗಿ ಯಾಕೆ ಹಿಡಿಯಬಾರದು?"

"ನುಗ್ಗುದ್ರೆ ಮುಟ್ಬುಟ್ಟು ಓಡೋಯ್ತಾನೆ ಕಣಪ್ಪ. ದಾರಿ ಅದೆ ಅಂತ ಅವನಿಗೆ ಅನ್ನಿಸ್ಬೇಕು. ಆದ್ರೆ ಇರ್ಬಾರ್ದು."

ಮಗನ ಕಣ್ಣು ಅರಳಿತು. "ಇದು ಫ್ಯಾಂಜಿಯೋ ಆಟ ದೊಡ್ಡಪ್ಪ!"

"ಅದ್ಯಾರಪ್ಪ ಅವ್ರು? ಯಾವೂರೋರು?"

"ಡನ್ಮೋರ್ ಅಂತ ದೊಡ್ಡಪ್ಪ. ಇಲ್ಲೇ, ಪೆನ್ಸಿಲ್ವೇನಿಯಾದಲ್ಲೇ."