ಜಾಲರಿಯ ಕಣ್ಣು

ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯ ತಲಬಾಗಿಲಿಗೆ ಸೊಳ್ಳೆ ಜಾಲರಿ ಹಾಕಿಸಿದ್ದು 2024ರ ಮಳೆಗಾಲದಲ್ಲಿ, ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ವರ್ಷ. ಡೆಂಗಿ ಹರಡುವ ಸೊಳ್ಳೆ ಹೆಚ್ಚಾಗಿ ಕಚ್ಚುವುದು ಹಗಲಿನಲ್ಲಿ. ನಮ್ಮ ಅತ್ತೆಯವರಿಗೋ ಹಗಲೆಲ್ಲ ಬಾಗಿಲು ತೆರೆದಿಟ್ಟು ಅದರ ಎದುರು ಕೂರುವ ರೂಢಿ. ಮರುವರ್ಷದ ಶ್ರಾವಣದಲ್ಲಿ ಯಾವುದೋ ಬೆಕ್ಕು ಆ ಜಾಲರಿಯನ್ನು ಪರಚಿ, ಎರಡು ಬೆರಳು ತೂರುವಷ್ಟು ತೂತು ಮಾಡಿತು.

ಉಳಿದ ಜಾಲರಿಯ ತುಂಡೊಂದನ್ನು ಕತ್ತರಿಸಿ ನಾನೇ ತೇಪೆ ಹಾಕಿದೆ. ಸೊಳ್ಳೆಗೆ ದಾರಿ ಮುಚ್ಚಿತು, ಆದರೆ ನೋಡಲು ಗಾಯದಂತಿತ್ತು. ಅತ್ತೆ ಅದರ ಮೇಲೆ ಬೆರಳಾಡಿಸಿದರು. ಆಮೇಲೆ ಜಾಲರಿಗೆ ಮುಖ ತಾಗುವಷ್ಟು ಬಾಗಿ, ಬಹಳ ಹೊತ್ತು ಏನನ್ನೋ ಎಣಿಸುತ್ತಿದ್ದರು.

"ಇದರ ಕಣ್ಣು ನನಗೆ ಕಾಣುತ್ತವೆ," ಎಂದರು.

ಆ ಮಾತು ಎಷ್ಟು ದೊಡ್ಡದೆಂದು ನನಗೆ ಗೊತ್ತಿತ್ತು. ಅತ್ತೆ ಕಸೂತಿಯವರು. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆ ಎಣಿಸಿಕೊಂಡೇ ಗೋಪುರ, ತೇರು, ಆನೆ ಅಂಬಾರಿ ಎಲ್ಲ ಏಳಬೇಕು. ಮದುವೆಗೆಂದು ಉಡಿಸುವ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಅವರು ಎಷ್ಟೋ ಮಂದಿಗೆ ಹಾಕಿಕೊಟ್ಟಿದ್ದರು. ಕಪ್ಪು ಬಟ್ಟೆಯಲ್ಲಿ ಕಪ್ಪು ಎಳೆ ಎಣಿಸುವುದು ಎಳೆಗಣ್ಣಿಗೂ ಕಷ್ಟ. ಅರವತ್ತೆಂಟಕ್ಕೆ ಅವರು ಸೂಜಿ ಎತ್ತಿಟ್ಟುಬಿಟ್ಟರು. ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೂ ಆ ಡಬ್ಬಿ ತೆರೆಯಲಿಲ್ಲ. ಜಾಲರಿಯಲ್ಲಿ ಎಳೆಗಳ ನಡುವೆ ಬಯಲಿದೆ, ಹಿಂದಿನಿಂದ ಬೆಳಕು ಬೀಳುತ್ತದೆ. ತೇಪೆಯ ಮೇಲೆ ಗೋಪುರ ಏಳಿಸೋಣ ಎಂದರು.

ಕಸೂತಿಗೆ ರೇಷ್ಮೆ ದಾರವೇ ಚೆಂದ. ಆದರೆ ಬಿಸಿಲಿಗೆ ರೇಷ್ಮೆ ಬೇಗ ಜೀರ್ಣವಾಗುತ್ತದೆ ಎಂದು ಕೆಂಪು ಪಾಲಿಯೆಸ್ಟರ್ ದಾರ ತಂದೆವು. ಚೂಪು ಸೂಜಿ ಎಳೆಯನ್ನೇ ಸೀಳುತ್ತದೆ. ಸ್ವೆಟರ್ ಹೊಲಿಯುವ ಮೊಂಡು ಸೂಜಿಗಳಲ್ಲಿ ಅತಿ ಸಣ್ಣದನ್ನು ಆರಿಸಿದೆವು. ಜಾಲರಿಯನ್ನು ಚೌಕಟ್ಟಿನಿಂದ ಬಿಚ್ಚಿದರೆ ಮತ್ತೆ ಬಿಗಿಯಾಗಿ ಕೂರಿಸುವುದು ನಮ್ಮಿಂದಾಗದು. ಹಾಗಾಗಿ ಬಾಗಿಲು ಇದ್ದ ಹಾಗೇ ಇರಲೆಂದು, ಒಳಗೆ ಕುರ್ಚಿಯಲ್ಲಿ ಅತ್ತೆ, ಹೊರಗೆ ಪಡಸಾಲೆಯ ಮಣೆಯ ಮೇಲೆ ನಾನು ಕುಳಿತೆವು.

ಅವರು ಸೂಜಿ ತೂರಿಸುತ್ತಾರೆ, ನಾನು ಎಳೆದುಕೊಳ್ಳುತ್ತೇನೆ. ವಾಪಸು ಕಳಿಸುವುದು ಯಾವ ಕಣ್ಣಿನಿಂದ? ಅದಕ್ಕೆ ಅವರು ಇನ್ನೊಂದು ಸೂಜಿಯ ಮೊನೆಯನ್ನು ಸರಿಯಾದ ಕಣ್ಣಿನಲ್ಲಿ ಇಣುಕಿಸಿ ತೋರಿಸುತ್ತಿದ್ದರು.

ಗವಂತಿ, ಮುರ್ಗಿ, ನೇಗಿ, ಮೆಂತೆ, ಕಸೂತಿಗೆ ನಾಲ್ಕು ಹೊಲಿಗೆ. ನೇಗಿ, ಮೆಂತೆ ಹಾಕಿದರೆ ಜಾಲರಿ ತುಂಬಿಹೋಗಿ ಗಾಳಿ ನಿಲ್ಲುತ್ತದೆ ಎಂದು ಅತ್ತೆ ಗೆರೆಯ ಹೊಲಿಗೆಗಳನ್ನಷ್ಟೇ ಇಟ್ಟುಕೊಂಡರು: ನೇರ ಗೆರೆಗೆ ಗವಂತಿ, ಮೆಟ್ಟಿಲು ಮೆಟ್ಟಿಲಾಗಿ ಏರುವುದಕ್ಕೆ ಮುರ್ಗಿ. ಎರಡಕ್ಕೂ ಗಂಟಿಲ್ಲ, ಹಿಂದು ಮುಂದಿಲ್ಲ. ಹೋಗುವಾಗ ದಾರ ಒಂದು ಬಿಟ್ಟು ಒಂದು ಬೀಳುತ್ತದೆ, ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಅತ್ತೆಯ ಕಡೆ ದಾರವಿದ್ದಲ್ಲಿ ನನ್ನ ಕಡೆ ಬಯಲು, ನನ್ನ ಕಡೆ ದಾರವಿದ್ದಲ್ಲಿ ಅವರ ಕಡೆ ಬಯಲು. ಮರಳಿ ಬಂದು ಮುಟ್ಟಿದಾಗ ಇಬ್ಬರಿಗೂ ಒಂದೇ ಗೆರೆ. ಇಪ್ಪತ್ತೆರಡು ವರ್ಷದಿಂದ ಈ ಮನೆಯಲ್ಲಿದ್ದೇನೆ, ಗವಂತಿ ನನಗೆ ಅರ್ಥವಾದದ್ದು ಆ ದಿನ. ಎರಡು ಕಡೆಯಿಂದಲೂ ಕಾಣುವ ಬಾಗಿಲಿಗೆ ಇದಕ್ಕಿಂತ ಹೊಂದುವ ಹೊಲಿಗೆ ಇರಲಾರದು.

ಗೋಪುರ ಚೆನ್ನಾಗಿ ಎದ್ದಿತು, ಸ್ವಲ್ಪ ಎತ್ತರವಾಗಿಯೇ. ಪಕ್ಕದಲ್ಲಿ ಆನೆಗೆ ಕೈ ಹಾಕಿದಾಗ ತೊಡಕು ತಿಳಿಯಿತು. ಎಣಿಕೆ ಸರಿಯಿದ್ದರೂ ಆನೆ ಬಡಕಲಾಯಿತು, ಕಾಲು ಉದ್ದವಾದವು. ಅತ್ತೆ ಅಳತೆಯ ಟೇಪು ತರಿಸಿದರು. ಅಡ್ಡಕ್ಕೆ ಒಂದು ಅಂಗುಲದಲ್ಲಿ 18 ಕಣ್ಣು, ಉದ್ದಕ್ಕೆ 16. ಜಾಲರಿಯ ಕಣ್ಣು ಚೌಕವಲ್ಲ. 72 ಕಣ್ಣು ಅಗಲ, 72 ಕಣ್ಣು ಎತ್ತರದ ಗೋಪುರ ನಾಲ್ಕಂಗುಲ ಅಗಲಕ್ಕೆ ನಾಲ್ಕೂವರೆ ಅಂಗುಲ ಎತ್ತರ ಬಂದಿತ್ತು. ಗೋಪುರಕ್ಕೆ ಅದು ಶೋಭೆ, ಆನೆಗಲ್ಲ. ಅಡ್ಡಕ್ಕೆ ಪ್ರತಿ ಎಂಟು ಕಣ್ಣಿಗೆ ಒಂದನ್ನು ಹೆಚ್ಚಿಸಬೇಕು ಎಂದು ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿ ಹೇಳಿದರು. ಹಾಕಿದ್ದನ್ನೆಲ್ಲ ಬಿಚ್ಚಿ, ಹೊಟ್ಟೆಯ ಭಾಗವನ್ನು ಹಿಗ್ಗಿಸಿ ಮತ್ತೆ ಶುರು ಮಾಡಿದೆವು. ಕಾಗದ ಮುಟ್ಟದೆ ಆ ಲೆಕ್ಕ ಕಟ್ಟಿದ ತಲೆ ಇಷ್ಟು ವರ್ಷ ಟಿವಿಯ ಮುಂದೆ ಸುಮ್ಮನೆ ಕುಳಿತಿತ್ತಲ್ಲ ಎಂದು ನನಗೆ ಸಂಕಟವಾಯಿತು.

ನಡುವೆ ಊಟಕ್ಕೆ ಎದ್ದದ್ದು ಬಿಟ್ಟರೆ ಸಂಜೆಯವರೆಗೂ ಅದೇ. ದಾರ ಬಿಗಿದರೆ ಜಾಲರಿ ಸುಕ್ಕುಗಟ್ಟುತ್ತದೆ. "ಸಡಿಲ, ಸಡಿಲ" ಎಂದು ಅತ್ತೆ ಒಳಗಿನಿಂದ ಎಚ್ಚರಿಸುತ್ತಲೇ ಇದ್ದರು. ಅವರಿಗೆ ಕೆಂಪು ಕಾಣುತ್ತಿರಲಿಲ್ಲ. ಹೊರಗಿನ ಬೆಳಕಿಗೆ ಎದುರಾಗಿ ಎಲ್ಲ ದಾರವೂ ಒಳಗೆ ಕಪ್ಪಾಗಿಯೇ ತೋರುತ್ತದೆ. ಬಣ್ಣವೆಲ್ಲ ನನ್ನ ಪಾಲಿಗಿತ್ತು.

ಕತ್ತಲಾದ ಮೇಲೆ ದೀಪ ಹಾಕಿ, ಹೊರಗಿನಿಂದ ಬಹಳ ಚೆನ್ನಾಗಿ ಕಾಣುತ್ತದೆ ಎಂದು ಹೇಳಿದೆ. ಅತ್ತೆ ನನ್ನ ಮಾತಿಗೆ ಸಮಾಧಾನವಾಗದೆ, ಜಿಟಿಜಿಟಿ ಮಳೆಯಲ್ಲಿ ಕೊಡೆ ಹಿಡಿದು ತಾವೇ ಅಂಗಳಕ್ಕಿಳಿದರು. ಬಾಗಿಲ ಹತ್ತಿರ ಬಂದು, ಕನ್ನಡಕ ಒರೆಸಿಕೊಂಡು, ಕೆಳಗಿನಿಂದ ಮೇಲಕ್ಕೆ ಎಣಿಸುತ್ತ ಹೋದರು.

"ಗೋಪುರದ ಮೂರನೆಯ ಮೆಟ್ಟಿಲಲ್ಲಿ ಒಂದು ಕಣ್ಣು ತಪ್ಪಿದೆ," ಎಂದರು. "ನಾಳೆ ಬೆಳಿಗ್ಗೆ ಬಿಚ್ಚಬೇಕು. ಬೇಗ ಏಳು."